ಖಿನ್ನತೆಗೆ ಆಸ್ಪತ್ರೆ ಸೇರಿದ್ದವರಿಗೆ ಅಮೆರಿಕದಲ್ಲಿ ಸೆಕ್ಯುರಿಟಿ ಕ್ಲಿಯರೆನ್ಸ್ ಸಿಗುತ್ತದೆಯೇ?

ಹಾಸನದ ಶಿಕ್ಷಕಿ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಪ್ರೌಢಶಾಲೆಯ ಶಿಕ್ಷಕಿ. ಈ ಪ್ರಶ್ನೆ ನನ್ನ ತಮ್ಮನಿಗೆ ಸಂಬಂಧಿಸಿದ್ದು. ಅವನು ಅಮೆರಿಕದ ವರ್ಜೀನಿಯಾದಲ್ಲಿದ್ದಾನೆ. ಹೆಂಡತಿ ಅಲ್ಲಿಯೇ ಹುಟ್ಟಿ ಬೆಳೆದವಳು. ಎರಡು ವರ್ಷಗಳ ಹಿಂದೆ ಅವನಿಗೂ ಅಲ್ಲಿನ ಪೌರತ್ವ ದೊರೆಯಿತು. ಈಗ ಅಲ್ಲಿನ ರಕ್ಷಣಾ ಇಲಾಖೆಯ ಗುತ್ತಿಗೆ ಕೆಲಸ ಮಾಡುವ ಕಂಪನಿಯೊಂದು ಅವನನ್ನು ಆಯ್ಕೆ ಮಾಡಿದೆ. ಕೆಲಸಕ್ಕೆ ಸೇರಬೇಕಾದರೆ ಸರ್ಕಾರದ ಗೋಪ್ಯ ಮಾಹಿತಿಯನ್ನು ನೋಡುವ ಅರ್ಹತೆ, ಅಂದರೆ ‘ಸೀಕ್ರೆಟ್’ ದರ್ಜೆಯ ಸೆಕ್ಯುರಿಟಿ ಕ್ಲಿಯರೆನ್ಸ್, ಸಿಗಬೇಕು. ಅದಕ್ಕಾಗಿ ಎಸ್‌ಎಫ್-86 ಎಂಬ ನೂರಕ್ಕೂ ಹೆಚ್ಚು ಪುಟಗಳ ಪ್ರಶ್ನಾವಳಿಯನ್ನು ಅವನು ತುಂಬಬೇಕಾಗಿದೆ.

ನಮ್ಮ ತಂದೆ 2019ರಲ್ಲಿ ತೀರಿಕೊಂಡರು. ತಮ್ಮನು ಊರಿಗೆ ಬಂದು, ಕರ್ಮಾಂತರಗಳು ಮುಗಿದ ಮೇಲೂ ಹಿಂದಿರುಗಲಿಲ್ಲ. ಊಟ ಬಿಟ್ಟ, ಮಾತು ಬಿಟ್ಟ, ಮಹಡಿಯ ಕೋಣೆಯ ಬಾಗಿಲು ಹಾಕಿಕೊಂಡು ಕುಳಿತ. ಹಾಸನಾಂಬೆಯ ಗುಡಿಯ ಬಾಗಿಲು ಹಾಕಿದ ಮರುವಾರ ನಾವು ಅವನನ್ನು ಇಲ್ಲಿಯದೇ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಒಂಬತ್ತು ದಿನ ಅಲ್ಲಿದ್ದ. ಒಳರೋಗಿಯಾಗಿ ಸೇರಲು ಅವನೇ ಒಪ್ಪಿ ಸಹಿ ಹಾಕಿದ್ದ. ಅನಂತರ ವರ್ಜೀನಿಯಾಕ್ಕೆ ಹೋದ ಮೇಲೆ ಅಲ್ಲಿನ ವೈದ್ಯರ ಬಳಿ ಚಿಕಿತ್ಸೆ ಮುಂದುವರಿಸಿ, ದಿನಕ್ಕೊಂದು ಮಾತ್ರೆ ತೆಗೆದುಕೊಂಡು, ಕೆಲಸ ಮಾಡಿಕೊಂಡು, ಮಗುವಿನ ತಂದೆಯಾಗಿ ಚೆನ್ನಾಗಿಯೇ ಇದ್ದಾನೆ.

ಹೋದ ಭಾನುವಾರ ಅವನು ಫೋನಿನಲ್ಲಿ ಎರಡು ಮಾತು ಹೇಳಿದ. ಮಾತ್ರೆ ನಿಲ್ಲಿಸಿ ಮೂರು ವಾರವಾಯಿತು ಎಂಬುದು ಮೊದಲನೆಯದು. ಔಷಧಿ ತೆಗೆದುಕೊಳ್ಳುತ್ತಿದ್ದೇನೆ ಎಂದು ಬರೆದರೆ ಕ್ಲಿಯರೆನ್ಸ್ ಕೊಡುವುದಿಲ್ಲ ಎಂದು ಅವನ ಸ್ನೇಹಿತರು ಹೇಳಿದ್ದಾರಂತೆ. ಎರಡನೆಯದು ಹೀಗಿತ್ತು: “ಅಕ್ಕಾ, ಬೀರುವಿನಲ್ಲಿ ಆಸ್ಪತ್ರೆಯ ಫೈಲಿದೆಯಲ್ಲ, ಅದನ್ನು ಹಂಡೆ ಒಲೆಗೆ ಹಾಕಿಬಿಡು.”

ಆ ಫೈಲು ಈಗ ನನ್ನ ಮುಂದಿದೆ. ನೀಲಿ ರಟ್ಟು, ಮೂಲೆಗಳು ಮಾಸಿವೆ. ಅಪ್ಪನ ಪಿಂಚಣಿ ಪುಸ್ತಕದ ಕೆಳಗೆ, ರೇಷ್ಮೆ ಸೀರೆಗಳ ನಡುವೆ ಅಮ್ಮ ಇಟ್ಟಿದ್ದರು. ತಂಗಿಯ ಮದುವೆಯ ಮಾತು ನಡೆಯುತ್ತಿದ್ದ ಕಾಲದಲ್ಲಿ ಯಾರ ಕಣ್ಣಿಗೂ ಬೀಳಬಾರದೆಂದು ಅಲ್ಲಿ ಸೇರಿದ್ದು, ಅಲ್ಲಿಯೇ ಉಳಿಯಿತು. ಮೊದಲ ಪುಟದಲ್ಲಿ, ದಾಖಲು ಮಾಡಿಕೊಂಡ ರಾತ್ರಿ ಯಾರೋ ಕಿರಿಯ ವೈದ್ಯರು, ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಪಕ್ಕದಲ್ಲಿ ‘ಬೈಪೋಲಾರ್’ (ಅತಿ ಉತ್ಸಾಹವೂ ಖಿನ್ನತೆಯೂ ಬೇರೆ ಬೇರೆ ಕಾಲದಲ್ಲಿ ಬರುವ ಕಾಯಿಲೆ) ಎಂದು ಬರೆದಿದ್ದಾರೆ. ಕೊನೆಯ ಪುಟದ ಡಿಸ್ಚಾರ್ಜ್ ಸಮರಿಯಲ್ಲಿ ಆ ಪದವಿಲ್ಲ. ತೀವ್ರ ಖಿನ್ನತೆ ಎಂದೂ, ಅದರ ಮುಂದೆ ಎಫ್32.2 ಎಂದೂ ಇದೆ.

ನನ್ನ ಪ್ರಶ್ನೆಗಳು ಇವು. ಮಾನಸಿಕ ಚಿಕಿತ್ಸೆ ಪಡೆದವರಿಗೆ ಅಲ್ಲಿ ನಿಜವಾಗಿಯೂ ಕ್ಲಿಯರೆನ್ಸ್ ಸಿಗುವುದಿಲ್ಲವೇ? ಮಾತ್ರೆ ನಿಲ್ಲಿಸುವುದರಿಂದ ಏನಾದರೂ ಅನುಕೂಲವಾಗುತ್ತದೆಯೇ? ಆ ಪ್ರಶ್ನಾರ್ಥಕ ಚಿಹ್ನೆಯ ಪದದಿಂದ ತೊಂದರೆ ಇದೆಯೇ? ಅಮ್ಮನಿಗೆ ಮಾತ್ರೆ ನಿಲ್ಲಿಸಿದ ವಿಷಯ ಇನ್ನೂ ಹೇಳಿಲ್ಲ. ಆದರೂ ಅವನ ದನಿಯಲ್ಲಿ ಏನೋ ವ್ಯತ್ಯಾಸವಿದೆ ಎಂದು ಅವರೇ ಗುರುತಿಸಿ, ರಾತ್ರಿ ನಿದ್ದೆಗೆಟ್ಟು ಕೂರುತ್ತಿದ್ದಾರೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಮೂಡಿಗೆರೆಯ ನಿವೃತ್ತ ಎಂಜಿನಿಯರ್

ಶಿಕ್ಷಕಿಯವರೇ, ಮೊದಲು ಒಂದು ಕೆಲಸ ಮಾಡಿ. ಫೈಲನ್ನು ಎಲ್ಲಿತ್ತೋ ಅಲ್ಲಿಯೇ ಇಡಿ. ತಮ್ಮನಿಗೆ ಇಂದೇ ಫೋನ್ ಮಾಡಿ, ತನ್ನ ವೈದ್ಯರನ್ನು ಕಾಣುವಂತೆ ಹೇಳಿ. ಉಳಿದದ್ದನ್ನು ಆಮೇಲೆ ಓದಿದರೂ ಆಗುತ್ತದೆ.

ನಾನು ಮೇರಿಲ್ಯಾಂಡಿನಲ್ಲಿ ಇಪ್ಪತ್ತೆರಡು ವರ್ಷ ಇದ್ದು, ಈಗ ಊರಿಗೆ ಮರಳಿ ಅಣ್ಣನ ಜೊತೆ ಕಾಫಿ ತೋಟ ನೋಡಿಕೊಳ್ಳುತ್ತಿದ್ದೇನೆ. ಅಲ್ಲಿದ್ದಾಗ ಹದಿಮೂರು ವರ್ಷ ಕ್ಲಿಯರೆನ್ಸ್ ಇದ್ದ ಹುದ್ದೆಯಲ್ಲಿದ್ದೆ, ಎಸ್‌ಎಫ್-86 ಅನ್ನು ಎರಡು ಬಾರಿ ತುಂಬಿದ್ದೇನೆ. ಆದ್ದರಿಂದ ನಿಮ್ಮ ತಮ್ಮನ ಸ್ನೇಹಿತರು ಹೇಳುತ್ತಿರುವ ಮಾತು ಎಲ್ಲಿಂದ ಹುಟ್ಟಿತು ಎಂಬುದು ನನಗೆ ಗೊತ್ತು. ಹಿಂದೆ ಆ ಪ್ರಶ್ನಾವಳಿಯ 21ನೆಯ ವಿಭಾಗ, ಕಳೆದ ಏಳು ವರ್ಷಗಳಲ್ಲಿ ಮಾನಸಿಕ ಆರೋಗ್ಯದ ವಿಷಯವಾಗಿ ಯಾವುದೇ ತಜ್ಞರನ್ನು ಕಂಡಿದ್ದೀರಾ ಎಂದೇ ಕೇಳುತ್ತಿತ್ತು. ದಾಂಪತ್ಯ, ಕುಟುಂಬ ಮತ್ತು ಸಾವಿನ ದುಃಖಕ್ಕೆ ಸಂಬಂಧಿಸಿದ ಕೌನ್ಸೆಲಿಂಗ್‌ಗೆ ವಿನಾಯಿತಿ ಇತ್ತು. ಯುದ್ಧದಿಂದ ಮರಳಿದ ಸೈನಿಕರು ಅದೇ ಕಾರಣಕ್ಕೆ ಪಡೆದ ಕೌನ್ಸೆಲಿಂಗ್ ಅನ್ನು ಬರೆಯಬೇಕಾಗಿಲ್ಲ ಎಂದು 2008ರಲ್ಲಿ ಅಲ್ಲಿನ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಪ್ರಕಟಿಸಿದ್ದರು. ಆದರೂ ಜನರ ಮನಸ್ಸಿನಲ್ಲಿ ಉಳಿದದ್ದು ಒಂದೇ: ವೈದ್ಯರ ಬಳಿ ಹೋದರೆ ಕೆಲಸ ಹೋಗುತ್ತದೆ ಎಂಬುದು.

ನನ್ನ ವಿಷಯವನ್ನೂ ಹೇಳಬೇಕು. 2011ರಲ್ಲಿ ನನ್ನ ಹೆಂಡತಿ ಕ್ಯಾನ್ಸರಿನಿಂದ ತೀರಿಕೊಂಡಳು. ಆಸ್ಪತ್ರೆಯವರೇ ಒಬ್ಬ ಕೌನ್ಸೆಲರ್ ಅವರ ಸಮಯ ಗೊತ್ತುಮಾಡಿ, ಚೀಟಿ ಬರೆದು ಕೊಟ್ಟಿದ್ದರು. ನಾನು ಹೋಗಲಿಲ್ಲ. ದುಃಖಕ್ಕೆ ಪಡೆಯುವ ಕೌನ್ಸೆಲಿಂಗ್‌ಗೆ ಸ್ಪಷ್ಟ ವಿನಾಯಿತಿ ಇದೆ ಎಂದು ಆ ಪ್ರಶ್ನಾವಳಿಯಲ್ಲಿಯೇ ಅಚ್ಚಾಗಿತ್ತು, ನಾನು ಅದನ್ನು ಓದಿಯೂ ಇದ್ದೆ, ಆದರೆ ನಂಬಲಿಲ್ಲ. ಒಂದು ವರ್ಷ ಕಾರಿನಲ್ಲಿ ಕುಳಿತು ಅತ್ತು, ಮುಖ ತೊಳೆದು ಕಚೇರಿಯೊಳಗೆ ಹೋಗುತ್ತಿದ್ದೆ. ಆ ವರ್ಷ ನನ್ನ ಮಗಳು ತಾಯಿಯ ಜೊತೆಗೆ ತಂದೆಯನ್ನೂ ಕಳೆದುಕೊಂಡಂತೆ ಬದುಕಿದಳು. ಯಾವ ನಿಯಮವೂ ನನ್ನನ್ನು ತಡೆದಿರಲಿಲ್ಲ; ತಡೆದದ್ದು ನನ್ನ ಭಯ. ನಿಮ್ಮ ತಮ್ಮ ಅದೇ ಹಾದಿಯಲ್ಲಿದ್ದಾನೆ ಎನಿಸಿ ಇಷ್ಟು ಬರೆಯುತ್ತಿದ್ದೇನೆ.

ಈಗಿನ ನಿಯಮಕ್ಕೆ ಬರುತ್ತೇನೆ. 21ನೆಯ ವಿಭಾಗದ ಪ್ರಶ್ನೆಗಳನ್ನು 2016ರ ಕೊನೆಯಲ್ಲಿ ಪೂರ್ತಿಯಾಗಿ ಬದಲಾಯಿಸಿದರು. ‘ತಜ್ಞರನ್ನು ಕಂಡಿದ್ದೀರಾ’ ಎಂಬ ಪ್ರಶ್ನೆಯೇ ಈಗಿಲ್ಲ. ಈಗ ಕೇಳುವುದು ಐದು ವಿಷಯ. ನ್ಯಾಯಾಲಯ ನಿಮ್ಮನ್ನು ಮಾನಸಿಕವಾಗಿ ಅಸಮರ್ಥರೆಂದು ಘೋಷಿಸಿದೆಯೇ, ತಜ್ಞರನ್ನು ಕಾಣಬೇಕೆಂದು ನ್ಯಾಯಾಲಯ ಆದೇಶಿಸಿದೆಯೇ ಎಂಬ ಮೊದಲ ಎರಡು ನಿಮ್ಮ ತಮ್ಮನಿಗೆ ಅನ್ವಯಿಸುವುದಿಲ್ಲ. ಮೂರನೆಯದು, ಮಾನಸಿಕ ಕಾಯಿಲೆಗಾಗಿ ಎಂದಾದರೂ ಆಸ್ಪತ್ರೆಗೆ ದಾಖಲಾಗಿದ್ದೀರಾ ಎಂಬುದು. ಇದಕ್ಕೆ ಅವರು ‘ಹೌದು’ ಎನ್ನಲೇಬೇಕು, ಆಸ್ಪತ್ರೆ ವರ್ಜೀನಿಯಾದಲ್ಲಿದ್ದರೂ ಅಷ್ಟೇ, ಹಾಸನದಲ್ಲಿದ್ದರೂ ಅಷ್ಟೇ. ನಾಲ್ಕನೆಯದು ಕೆಲವು ನಿರ್ದಿಷ್ಟ ಕಾಯಿಲೆಗಳ ರೋಗನಿರ್ಣಯ ಎಂದಾದರೂ ಆಗಿದೆಯೇ ಎನ್ನುತ್ತದೆ: ಸೈಕೋಟಿಕ್ ಕಾಯಿಲೆ, ಸ್ಕಿಜೋಫ್ರೀನಿಯಾ, ಸ್ಕಿಜೋಅಫೆಕ್ಟಿವ್, ಡೆಲ್ಯೂಷನಲ್, ಬೈಪೋಲಾರ್, ಬಾರ್ಡರ್‌ಲೈನ್ ಮತ್ತು ಆಂಟಿಸೋಷಿಯಲ್ ವ್ಯಕ್ತಿತ್ವದ ಕಾಯಿಲೆಗಳು. ಈ ಪಟ್ಟಿಯಲ್ಲಿ ಖಿನ್ನತೆ ಇಲ್ಲ, ಆತಂಕದ ಕಾಯಿಲೆಯೂ ಇಲ್ಲ. ಐದನೆಯದು, ನಿಮ್ಮ ವಿವೇಚನೆ, ವಿಶ್ವಾಸಾರ್ಹತೆಗಳನ್ನು ಗಣನೀಯವಾಗಿ ಕೆಡಿಸುವ ಕಾಯಿಲೆ ಇದೆಯೇ ಎಂದು. ಹಾಗೆ ಕೆಡಿಸದಿದ್ದರೆ, ಚಿಕಿತ್ಸೆ ಬೇಕಾದ ಕಾಯಿಲೆ ಇದ್ದರೂ ‘ಇಲ್ಲ’ ಎಂದೇ ಉತ್ತರಿಸಬೇಕು ಎಂಬ ಸೂಚನೆ ಅಲ್ಲಿಯೇ ಇದೆ.

ಮಾತ್ರೆ ತೆಗೆದುಕೊಳ್ಳುತ್ತೀರಾ ಎಂಬ ಪ್ರಶ್ನೆ ಈ ಐದರಲ್ಲಿ ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಿ. ಕೇಳದ ಪ್ರಶ್ನೆಗೆ ಹೆದರಿ ಅವರು ಮಾತ್ರೆ ಬಿಟ್ಟಿದ್ದಾರೆ.

ಉತ್ತರಗಳನ್ನು ತೂಗುವ ಮಾನದಂಡ ಬೇರೆ ಇದೆ. 2016ರ ಡಿಸೆಂಬರಿನಲ್ಲಿ ಸಹಿಯಾಗಿ 2017ರ ಜೂನ್ 8ರಿಂದ ಜಾರಿಗೆ ಬಂದ ‘ಸೀಡ್-4’ ಎಂಬ ನಿರ್ದೇಶನದಲ್ಲಿ ಹದಿಮೂರು ಮಾರ್ಗಸೂಚಿಗಳಿವೆ. ಮಾನಸಿಕ ಸ್ಥಿತಿಗೆ ಸಂಬಂಧಿಸಿದ್ದು ‘ಐ’ ಅಕ್ಷರದ್ದು. ಕೌನ್ಸೆಲಿಂಗ್ ಪಡೆದರು ಎಂಬ ಒಂದೇ ಕಾರಣದಿಂದ ಯಾರ ಬಗೆಗೂ ಪ್ರತಿಕೂಲವಾಗಿ ಊಹಿಸಬಾರದು ಎಂದು ಅದರ ಆರಂಭದಲ್ಲಿಯೇ ಇದೆ. ಇದೇ ಮಾತು 1995ರಲ್ಲಿ ಅಧ್ಯಕ್ಷ ಕ್ಲಿಂಟನ್ ಅವರು ಹೊರಡಿಸಿದ 12968ನೆಯ ಆದೇಶದಲ್ಲಿಯೂ ಇತ್ತು. ಕೌನ್ಸೆಲಿಂಗ್ ಅರ್ಹತೆಯ ಪರವಾದ ಅಂಶವಾಗಬಹುದು ಎಂದೂ ಅದು ಹೇಳಿತ್ತು.

ಇನ್ನು ಆ ಮಾರ್ಗಸೂಚಿ ಯಾವುದನ್ನು ಕಳವಳದ ವಿಷಯವೆಂದು ಎಣಿಸುತ್ತದೆ ಎಂಬುದನ್ನು ನಿಮ್ಮ ತಮ್ಮ ಎರಡು ಸಲ ಓದಬೇಕು. ಒಳರೋಗಿಯಾಗಿ ದಾಖಲಾಗಿದ್ದು ಅದರಲ್ಲಿದೆ, ನಿಜ. ಆದರೆ ಅದೇ ಪಟ್ಟಿಯಲ್ಲಿ, ವಿವೇಚನೆಯನ್ನು ಬಾಧಿಸಬಹುದಾದ ಕಾಯಿಲೆಗೆ ವೈದ್ಯರು ಹೇಳಿದ ಚಿಕಿತ್ಸೆಯನ್ನು ಪಾಲಿಸದಿರುವುದೂ ಇದೆ; ಕೊಟ್ಟ ಔಷಧಿಯನ್ನು ತೆಗೆದುಕೊಳ್ಳದಿರುವುದು ಎಂದು ಬಿಡಿಸಿ ಹೇಳಿದ್ದಾರೆ. ಕಳವಳವನ್ನು ತಗ್ಗಿಸುವ ಅಂಶಗಳಲ್ಲಿ ಮೊದಲನೆಯದೇ, ಕಾಯಿಲೆ ಚಿಕಿತ್ಸೆಯಿಂದ ಹತೋಟಿಯಲ್ಲಿದ್ದು, ವ್ಯಕ್ತಿ ಆ ಚಿಕಿತ್ಸೆಯನ್ನು ತಪ್ಪದೆ ಮುಂದುವರಿಸಿಕೊಂಡು ಬಂದಿದ್ದಾರೆ ಎಂಬುದು. ಅಂದರೆ ಇಷ್ಟು ವರ್ಷ ನುಂಗಿದ ಒಂದೊಂದು ಮಾತ್ರೆಯೂ ಅವರ ಪರವಾದ ಸಾಕ್ಷಿ. ಈ ಮೂರು ವಾರಗಳಲ್ಲಿ ಆ ಸಾಕ್ಷಿಯನ್ನು ತಮ್ಮ ಕೈಯಾರೆ ಅಳಿಸುತ್ತಿದ್ದಾರೆ.

ಅಂಕಿಗಳೂ ಇವೆ. ಈ ಪರಿಶೀಲನೆಯನ್ನು ನಡೆಸುವ ರಕ್ಷಣಾ ಇಲಾಖೆಯ ಡಿಸಿಎಸ್‌ಎ ಸಂಸ್ಥೆ ಪ್ರಕಟಿಸಿದ ಪ್ರಕಾರ, 2012ರಿಂದ 2020ರವರೆಗೆ ಸುಮಾರು 54 ಲಕ್ಷ ತೀರ್ಮಾನಗಳಾದವು. ಅವುಗಳಲ್ಲಿ ಮಾನಸಿಕ ವಿಷಯ ಬಂದದ್ದು ಸುಮಾರು 97,000 ಪ್ರಕರಣಗಳಲ್ಲಿ. ಅದೊಂದೇ ಕಾರಣಕ್ಕೆ ಕ್ಲಿಯರೆನ್ಸ್ ನಿರಾಕರಿಸಿದ್ದು ಅಥವಾ ಹಿಂತೆಗೆದುಕೊಂಡದ್ದು 62.

ಅರಸೀಕೆರೆಯ ವ್ಯಾಪಾರಿ

ಮೇಲಿನವರು ವಿದ್ಯಾವಂತರು, ನಿಯಮ ಬಲ್ಲವರು. ನಾನು ಅವರನ್ನು ಅಲ್ಲಗಳೆಯುವುದಿಲ್ಲ. ಆದರೆ ಅಕ್ಕನವರಿಗೆ ಒಬ್ಬ ಅಣ್ಣನ ಸ್ಥಾನದಲ್ಲಿ ನಿಂತು ಹೇಳುತ್ತೇನೆ. ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿದ್ದ ವಿಷಯ ಅಮೆರಿಕದವರಿಗೆ ಹೇಗೆ ಗೊತ್ತಾಗುತ್ತದೆ? ನಾವಾಗಿ ಬರೆದು ಕೊಟ್ಟರೆ ಮಾತ್ರ ಗೊತ್ತಾಗುವ ಸಂಗತಿಯನ್ನು ಏಕೆ ಬರೆಯಬೇಕು? ನಮ್ಮ ಕಡೆ ಒಂದು ಹೆಣ್ಣು ನೋಡಲು ಬಂದವರೂ ಇಂಥದ್ದನ್ನು ಕೇಳಿದರೆ ಎದ್ದು ಹೋಗುತ್ತಾರೆ, ಇನ್ನು ಸೈನ್ಯದ ಗುಟ್ಟು ಒಪ್ಪಿಸುವವರು ಸುಮ್ಮನಿರುತ್ತಾರೆಯೇ? 62 ಜನ ಎನ್ನುತ್ತೀರಿ. ಆ 62ರಲ್ಲಿ ನಮ್ಮ ಹುಡುಗನೊಬ್ಬ ಸೇರಿದರೆ ಆ ಮನೆಗೆ ಅದು ನೂರಕ್ಕೆ ನೂರು. ಮಾತ್ರೆ ಬಿಡಬಾರದು ಎಂಬುದನ್ನು ಮಾತ್ರ ನಾನೂ ಒಪ್ಪುತ್ತೇನೆ.

ಮೂಡಿಗೆರೆಯ ನಿವೃತ್ತ ಎಂಜಿನಿಯರ್

ಸ್ವಾಮಿ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ನೀವು ಹೇಳಿದಂತೆ ಮಾಡಿದರೆ ಆ ಹುಡುಗ ಒಂದು ಸಣ್ಣ ಕಷ್ಟವನ್ನು ಬಿಟ್ಟು ದೊಡ್ಡ ಅಪಾಯವನ್ನು ಹೊತ್ತುಕೊಳ್ಳುತ್ತಾನೆ.

ಪ್ರಶ್ನಾವಳಿಯ ಕೊನೆಯಲ್ಲಿ, ಇದರಲ್ಲಿ ಬರೆದಿರುವುದೆಲ್ಲ ಸತ್ಯ ಎಂದು ಸಹಿ ಹಾಕಬೇಕು. ಅಮೆರಿಕದ ದಂಡಸಂಹಿತೆಯ 18ನೆಯ ಭಾಗ, 1001ನೆಯ ವಿಧಿಯ ಪ್ರಕಾರ ಸರ್ಕಾರಕ್ಕೆ ತಿಳಿದೂ ತಿಳಿದೂ ಸುಳ್ಳು ಹೇಳುವುದು ಅಪರಾಧ. ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಜೊತೆಗೆ ಅದೇ ಹದಿಮೂರು ಮಾರ್ಗಸೂಚಿಗಳಲ್ಲಿ ‘ಇ’ ಅಕ್ಷರದ್ದು ವೈಯಕ್ತಿಕ ನಡತೆಗೆ ಸಂಬಂಧಿಸಿದ್ದು. ಪ್ರಶ್ನಾವಳಿಯಲ್ಲಿ ಮುಚ್ಚಿಟ್ಟದ್ದನ್ನು ಅದರ ಕೆಳಗೆ ತೂಗುತ್ತಾರೆ. ಖಿನ್ನತೆಗೆ ವೈದ್ಯರು ಪತ್ರ ಕೊಡಬಲ್ಲರು, ಸುಳ್ಳಿಗೆ ಯಾವ ವೈದ್ಯರು ಪತ್ರ ಕೊಡುತ್ತಾರೆ?

ಇನ್ನು ಗೊತ್ತಾಗುವುದು ಹೇಗೆ ಎಂದಿರಿ. ಆ ಒಂಬತ್ತು ದಿನಗಳ ವಿಷಯ ವರ್ಜೀನಿಯಾದ ವೈದ್ಯರ ಟಿಪ್ಪಣಿಯಲ್ಲಿ ಮೊದಲ ಭೇಟಿಯಲ್ಲಿಯೇ ದಾಖಲಾಗಿರುತ್ತದೆ. ಹಿಂದೆ ಆಸ್ಪತ್ರೆ ಸೇರಿದ್ದಿರಾ ಎಂದು ಕೇಳದ ಮನೋವೈದ್ಯರಿಲ್ಲ. ಹೆಂಡತಿಗೆ ಗೊತ್ತು, ಮಾವನ ಮನೆಯವರಿಗೆ ಗೊತ್ತು, 2019ರಲ್ಲಿ ಅಷ್ಟು ದಿನ ರಜೆ ಕೊಟ್ಟ ಹಳೆಯ ಕಚೇರಿಗೂ ಗೊತ್ತಿರಬಹುದು. ತನಿಖಾಧಿಕಾರಿ ಇಂಥವರನ್ನು ಕಾಣಬಲ್ಲರು. ಮುಖ್ಯವಾಗಿ, ಗೊತ್ತಾಗದೆ ಹೋದರೂ, ಮುಂದೆ ಕ್ಲಿಯರೆನ್ಸ್ ಇರುವಷ್ಟು ಕಾಲವೂ ಆ ಹುಡುಗ ಈ ಗುಟ್ಟನ್ನು ಹೊತ್ತು ತಿರುಗಬೇಕು. ಗುಟ್ಟು ಇರುವವನನ್ನು ಹೊರಗಿನವರು ಹೆದರಿಸಿ ಮಣಿಸಬಹುದು ಎಂಬುದೇ ಈ ಪರಿಶೀಲನೆಯ ಹಿಂದಿರುವ ಮೂಲ ಚಿಂತೆ. ಮಾನಸಿಕ ಕಾಯಿಲೆಯನ್ನು ಹೇಳಿಕೊಂಡವನ ಮೇಲೆ ಯಾರಿಗೂ ಆ ಹಿಡಿತ ಇರುವುದಿಲ್ಲ.

‘ಹೌದು’ ಎಂದು ಬರೆದ ಮೇಲೆ ಏನಾಗುತ್ತದೆ ಎಂಬುದನ್ನೂ ಹೇಳುತ್ತೇನೆ. ದಾಖಲಾದ ದಿನಾಂಕ, ಆಸ್ಪತ್ರೆಯ ಹೆಸರು ಮತ್ತು ವಿಳಾಸ, ಸ್ವಇಚ್ಛೆಯಿಂದ ಸೇರಿದ್ದೋ ಬಲವಂತದಿಂದಲೋ ಎಂಬ ವಿವರ ಕೇಳುತ್ತಾರೆ. ವೈದ್ಯರನ್ನು ವಿಚಾರಿಸಲು ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯುತ್ತಾರೆ. ಆ ಪತ್ರದ ಆಧಾರದಲ್ಲಿ ವೈದ್ಯರನ್ನು ಕೇಳುವುದು ಸೀಮಿತವಾದ ಪ್ರಶ್ನೆಗಳನ್ನು: ಗೋಪ್ಯ ಮಾಹಿತಿಯನ್ನು ಕಾಪಾಡುವ ಸಾಮರ್ಥ್ಯವನ್ನು ಅಥವಾ ವಿವೇಚನೆಯನ್ನು ಕುಂದಿಸುವ ಸ್ಥಿತಿ ಇದೆಯೇ, ಇದ್ದರೆ ಅದು ಎಂಥದ್ದು, ಮುಂದೆ ಹೇಗಾಗಬಹುದು. ಕೌನ್ಸೆಲಿಂಗ್ ಕೋಣೆಯಲ್ಲಿ ಅಪ್ಪನ ಬಗ್ಗೆ ಏನು ಹೇಳಿ ಅತ್ತ ಎಂಬುದು ಅವರಿಗೆ ಬೇಕಾಗಿಲ್ಲ.

ಒಂದು ವೇಳೆ ಪ್ರತಿಕೂಲವಾದ ಆಲೋಚನೆ ಇದ್ದರೂ ಬಾಗಿಲು ಒಮ್ಮೆಲೇ ಮುಚ್ಚುವುದಿಲ್ಲ. ಕಾರಣಗಳನ್ನು ಬರೆದು ತಿಳಿಸುತ್ತಾರೆ, ಉತ್ತರ ಕೊಡಲು ಅವಕಾಶವಿರುತ್ತದೆ, ಗುತ್ತಿಗೆ ಕಂಪನಿಯ ನೌಕರರಾದರೆ ರಕ್ಷಣಾ ಇಲಾಖೆಯದೇ ಆದ, ಇಂಥ ವಿಚಾರಣೆಗಳನ್ನು ನಡೆಸುವ ಡೋಹಾ ಎಂಬ ಸಂಸ್ಥೆಯ ಆಡಳಿತ ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳಬಹುದು. ಅಲ್ಲಿನ ತೀರ್ಪುಗಳನ್ನು ಹೆಸರು ತೆಗೆದು ಪ್ರಕಟಿಸುತ್ತಾರೆ. ನಾನು ಓದಿರುವವುಗಳಲ್ಲಿ ಸೋತವರ ಕಥೆಗಳು ಬಹುಪಾಲು ಒಂದೇ ಬಗೆಯವು: ಚಿಕಿತ್ಸೆಯನ್ನು ನಡುವೆ ಬಿಟ್ಟವರು, ಇಲ್ಲವೇ ಮುಚ್ಚಿಟ್ಟು ಸಿಕ್ಕಿಬಿದ್ದವರು.

ಶಿಕ್ಷಕಿಯವರಿಗೆ ಇನ್ನೊಂದು ಸೂಚನೆ. ನೀವು, ನಿಮ್ಮ ತಾಯಿ, ತಂಗಿ ಭಾರತದ ಪ್ರಜೆಗಳಾದ್ದರಿಂದ ನಿಮ್ಮ ವಿವರಗಳನ್ನೂ ಅವರು ಬರೆಯಬೇಕು. ಅದನ್ನು ವಿದೇಶಿ ಪ್ರಭಾವ ಎಂಬ ಬೇರೆಯೇ ಮಾರ್ಗಸೂಚಿಯ ಕೆಳಗೆ ನೋಡುತ್ತಾರೆ. ನಿಮ್ಮ ತಮ್ಮನ ಪ್ರಕರಣದಲ್ಲಿ ಖಿನ್ನತೆಗಿಂತ ಅದರ ಬಗ್ಗೆಯೇ ಹೆಚ್ಚು ಪ್ರಶ್ನೆಗಳು ಬಂದರೆ ನನಗೆ ಆಶ್ಚರ್ಯವಾಗುವುದಿಲ್ಲ. ನನಗೂ ಹಾಗೆಯೇ ಆಗಿತ್ತು.

ಚಿಕ್ಕಮಗಳೂರಿನ ಮನೋವೈದ್ಯೆ

ನಾನು ಚಿಕ್ಕಮಗಳೂರಿನಲ್ಲಿ ಹದಿನಾರು ವರ್ಷಗಳಿಂದ ಮನೋವೈದ್ಯೆಯಾಗಿದ್ದೇನೆ. ರೋಗಿಯನ್ನು ನೋಡದೆ ಚಿಕಿತ್ಸೆ ಹೇಳುವುದು ಸರಿಯಲ್ಲ, ಹೇಳುವುದೂ ಇಲ್ಲ. ನಿಮ್ಮ ಪ್ರಶ್ನೆಯಲ್ಲಿರುವ ಮೂರು ಸಂಗತಿಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಮಾತ್ರೆಯ ವಿಷಯ ಎಲ್ಲಕ್ಕಿಂತ ತುರ್ತಿನದು. ಖಿನ್ನತೆಗೆ ಕೊಡುವ ಎಸಿಟಾಲೋಪ್ರಾಮ್‌ನಂತಹ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ತಲೆ ತಿರುಗುವುದು, ನಿದ್ರೆ ಕೆಡುವುದು, ಸಿಡಿಮಿಡಿ, ತಲೆಯೊಳಗೆ ಕರೆಂಟು ಹೊಡೆದಂತಹ ಜುಮ್ಮೆನ್ನುವಿಕೆ ಕಾಣಿಸಬಹುದು. ಅನೇಕರು ಇದನ್ನು ಕಾಯಿಲೆ ಮರಳಿತೆಂದು ತಿಳಿಯುತ್ತಾರೆ. ಇನ್ನು ಕೆಲವರು, ಎರಡು ವಾರ ಕಳೆದು ಅದು ತಗ್ಗಿದಾಗ ಇನ್ನು ಮಾತ್ರೆ ಬೇಡವೆಂದು ತೀರ್ಮಾನಿಸುತ್ತಾರೆ. ಎರಡೂ ತಪ್ಪು. ಕಾಯಿಲೆ ನಿಜವಾಗಿ ಮರಳುವುದಾದರೆ ಅದು ವಾರಗಳು, ತಿಂಗಳುಗಳ ಮೇಲೆ ಸದ್ದಿಲ್ಲದೆ ಬರುತ್ತದೆ. ತಾಯಿ ದನಿಯಲ್ಲಿ ವ್ಯತ್ಯಾಸ ಕಂಡಿದ್ದಾರೆ ಎಂದು ಬರೆದಿದ್ದೀರಿ. ತಾಯಂದಿರ ಈ ಮಾತನ್ನು ನಾನು ಎಂದೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮೂರು ವಾರ ಬಿಟ್ಟ ಮೇಲೆ ಹಳೆಯ ಪ್ರಮಾಣವನ್ನೇ ತಾವಾಗಿ ಮತ್ತೆ ಶುರುಮಾಡುವುದೂ ಬೇಡ. ಅಲ್ಲಿನ ವೈದ್ಯರಿಗೆ, ಏಕೆ ನಿಲ್ಲಿಸಿದೆ ಎಂಬ ಕಾರಣವನ್ನೂ ಸೇರಿಸಿ, ಎಲ್ಲವನ್ನೂ ಹೇಳಲಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೀವು ನೇರವಾಗಿ ಕೇಳಬಹುದು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ‘ಹೌದು’ ಎಂದರೆ ಅದೇ ಗಳಿಗೆಯಲ್ಲಿ ಹೆಂಡತಿಗೆ ತಿಳಿಸಿ. ಅಲ್ಲಿ 988 ಎಂಬ ಸಹಾಯವಾಣಿ ಹಗಲೂ ರಾತ್ರಿ ಇದೆ.

ಎರಡನೆಯದು ಆ ಪ್ರಶ್ನಾರ್ಥಕ ಚಿಹ್ನೆ. ರಾತ್ರಿ ಪಾಳಿಯಲ್ಲಿರುವ ಕಿರಿಯ ವೈದ್ಯರು, ರೋಗಿಯ ಪೂರ್ತಿ ಇತಿಹಾಸ ಸಿಗುವ ಮೊದಲು, ಯಾವ ಯಾವ ಸಾಧ್ಯತೆಗಳನ್ನು ಪರಿಶೀಲಿಸಬೇಕು ಎಂದು ಹೀಗೆ ಗುರುತು ಹಾಕಿಕೊಳ್ಳುತ್ತಾರೆ. ಎದೆನೋವೆಂದು ಬಂದವರ ಚೀಟಿಯ ಮೇಲೆ ಪ್ರಶ್ನಾರ್ಥಕದ ಜೊತೆ ಹೃದಯಾಘಾತ ಎಂದು ಬರೆದು, ಬೆಳಗ್ಗೆ ಅದು ಆಮ್ಲಪಿತ್ತ ಎಂದು ತಿಳಿದು ಮನೆಗೆ ಕಳುಹಿಸುವುದಿಲ್ಲವೇ, ಹಾಗೆ. ಅದು ರೋಗನಿರ್ಣಯವಲ್ಲ, ನಿರ್ಣಯಕ್ಕೆ ಮುಂಚಿನ ಅನುಮಾನ. ಒಂಬತ್ತು ದಿನ ನೋಡಿದ ಮೇಲೆ ಹಿರಿಯ ವೈದ್ಯರು ಬರೆದ ಎಫ್32.2 ಎಂಬುದೇ ನಿರ್ಣಯ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ವರ್ಗೀಕರಣದಲ್ಲಿ ಅದರ ಅರ್ಥ, ಸೈಕೋಸಿಸ್‌ನ, ಅಂದರೆ ವಾಸ್ತವದ ಅರಿವು ತಪ್ಪುವ ಸ್ಥಿತಿಯ, ಲಕ್ಷಣಗಳಿಲ್ಲದ ತೀವ್ರ ಖಿನ್ನತೆಯ ಪ್ರಸಂಗ ಎಂದು. ಬೈಪೋಲಾರ್‌ಗೆ ಎಫ್31 ಎಂಬ ಬೇರೆಯೇ ಸಂಖ್ಯೆ ಇದೆ. ಮೇಲಿನವರು ಹೇಳಿದ ಪಟ್ಟಿಯ ಪ್ರಶ್ನೆಗೆ ನಿಮ್ಮ ತಮ್ಮ ಹೇಗೆ ಉತ್ತರಿಸಬೇಕು ಎಂಬುದನ್ನು ಅಲ್ಲಿನ ವಕೀಲರೇ ಹೇಳಬೇಕು. ಆದರೆ ಕೊನೆಯ ನಿರ್ಣಯ ಯಾವುದು, ಮೊದಲ ಪುಟದ ಗುರುತು ಏನು ಎಂಬುದನ್ನು ವಿವರಿಸಿ, ಅಂದು ನೋಡಿದ ಹಿರಿಯ ವೈದ್ಯರು ಇಂಗ್ಲಿಷಿನಲ್ಲಿ ಒಂದು ಪುಟದ ಪತ್ರ ಕೊಟ್ಟರೆ ಗೊಂದಲಕ್ಕೆ ಎಡೆ ಇರುವುದಿಲ್ಲ. ಹಳೆಯ ಹಾಳೆಯನ್ನು ತಿದ್ದಿಕೊಡಿ ಎಂದು ಮಾತ್ರ ಯಾರನ್ನೂ ಕೇಳಬೇಡಿ.

ಮೂರನೆಯದು ಫೈಲು. ನಮ್ಮ ದೇಶದ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳ ಪ್ರಕಾರ, ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಕಾಪಾಡಿದರೆ ಸಾಕು. ರೋಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ರೋಗಿಗೆ ತನ್ನ ದಾಖಲೆಯನ್ನು ಪಡೆಯುವ ಹಕ್ಕನ್ನು ಕೊಟ್ಟಿದೆ. ಆದರೆ 2019ರ ದಾಖಲೆ ಆಸ್ಪತ್ರೆಯಲ್ಲಿ ಈಗಲೂ ಉಳಿದಿರಲೇಬೇಕೆಂಬ ನಿಯಮವಿಲ್ಲ. ಹಾಗಾಗಿ ನಿಮ್ಮ ಎದುರಿಗಿರುವ ಆ ನೀಲಿ ರಟ್ಟಿನ ಫೈಲೇ ಜಗತ್ತಿನಲ್ಲಿರುವ ಒಂದೇ ಪ್ರತಿಯಾಗಿರಬಹುದು. ಸ್ವಇಚ್ಛೆಯಿಂದ ಸೇರಿದ್ದ ಎಂದು ಹೇಳುವುದು, ಸೈಕೋಸಿಸ್ ಇರಲಿಲ್ಲ ಎಂದು ಹೇಳುವುದು, ಗುಣಮುಖನಾಗಿ ಮನೆಗೆ ಹೋದ ಎಂದು ಹೇಳುವುದು ಆ ಹಾಳೆಗಳು. ಅವನ್ನು ಸುಟ್ಟರೆ ಉಳಿಯುವುದು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ ಎಂಬ ಬರಿಯ ಸಂಗತಿ, ಏಕೆ ಎಂಬ ವಿವರಣೆಯಿಲ್ಲದೆ.

ತಾಯಿಯವರ ನಿದ್ರೆಯ ಬಗ್ಗೆಯೂ ಗಮನ ಕೊಡಿ. ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಹಾಸನದ ನಿವೃತ್ತ ಕೇಂದ್ರ ಸರ್ಕಾರಿ ನೌಕರ

ಇದನ್ನೆಲ್ಲ ಓದುತ್ತಿರುವ ನಮ್ಮ ಊರಿನ ಹುಡುಗ ಹುಡುಗಿಯರಿಗಾಗಿ ಸ್ವಲ್ಪ ಬರೆಯುತ್ತೇನೆ. 1982ರಿಂದ ಉಪಗ್ರಹ ನಿಯಂತ್ರಣ ಕೇಂದ್ರ ಇರುವ ಊರು ನಮ್ಮದು. ಇಲ್ಲಿನ ಎಷ್ಟೋ ಮಕ್ಕಳು ಬಾಹ್ಯಾಕಾಶ, ರಕ್ಷಣೆಯಂತಹ ಕೇಂದ್ರ ಇಲಾಖೆಗಳ ಕನಸು ಕಾಣುತ್ತಾರೆ. ಅಮೆರಿಕದ ನಿಯಮ ಇಲ್ಲಿಗೆ ಅನ್ವಯಿಸುವುದಿಲ್ಲ. ನಮ್ಮಲ್ಲಿ ಪೊಲೀಸ್ ಪರಿಶೀಲನೆಗೆ ತುಂಬುವ ಅಟೆಸ್ಟೇಶನ್ ಫಾರ್ಮ್ ಮುಖ್ಯವಾಗಿ ವಾಸಸ್ಥಳ, ವಿದ್ಯಾಭ್ಯಾಸ, ಬಂಧನ, ಮೊಕದ್ದಮೆಗಳನ್ನು ಕೇಳುತ್ತದೆ. ಆರೋಗ್ಯದ ಪ್ರಶ್ನೆ ಬರುವುದು ವೈದ್ಯಕೀಯ ತಪಾಸಣೆಗೆ ಮುಂಚೆ ಅಭ್ಯರ್ಥಿ ಕೊಡುವ ಹೇಳಿಕೆಯಲ್ಲಿ. ಎರಡರಲ್ಲಿಯೂ, ಮುಚ್ಚಿಟ್ಟರೆ ನೇಮಕಾತಿ ರದ್ದಾಗಬಹುದು ಎಂಬ ಎಚ್ಚರಿಕೆ ಇರುತ್ತದೆ. ನಾನು ಸೇರಿದ ಕಾಲದ ಹೇಳಿಕೆಯಲ್ಲಿ ನಿಮಗೆ ಅಥವಾ ಹತ್ತಿರದ ಬಂಧುಗಳಿಗೆ ಹುಚ್ಚು ಇದೆಯೇ ಎಂಬ ಅರ್ಥದ ಪ್ರಶ್ನೆ ಇತ್ತು. ನನ್ನ ಚಿಕ್ಕಪ್ಪನಿಗೆ ಕಾಯಿಲೆ ಇತ್ತು. ಕೈ ನಡುಗುತ್ತಲೇ ‘ಹೌದು’ ಎಂದು ಬರೆದೆ. ತಪಾಸಣೆ ಮಾಡಿದ ವೈದ್ಯರು ಎರಡು ಪ್ರಶ್ನೆ ಕೇಳಿ ಮುಂದಿನ ಪುಟ ತಿರುಗಿಸಿದರು. ಮೂವತ್ತನಾಲ್ಕು ವರ್ಷ ಸೇವೆ ಮಾಡಿ ನಿವೃತ್ತನಾದೆ.

ಸೇವೆಯಲ್ಲಿರುವವರಿಗೂ ಈಗ ಕಾನೂನಿನ ಬಲ ಹೆಚ್ಚಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ, ಮಾನಸಿಕ ಕಾಯಿಲೆಯೇ ಕಾರಣವಾಗಿ ಬಂದ ನಡವಳಿಕೆಗೆ ಶಿಸ್ತುಕ್ರಮ ಹೂಡುವುದು ತಾರತಮ್ಯದ ಒಂದು ರೂಪ ಎಂದು ಸುಪ್ರೀಂ ಕೋರ್ಟ್ 2021ರ ಡಿಸೆಂಬರಿನಲ್ಲಿ ಹೇಳಿತು.

ಅರಸೀಕೆರೆಯವರು ಹೆಣ್ಣು ನೋಡುವ ಮಾತು ತೆಗೆದಿದ್ದರಿಂದ ಇಷ್ಟು ಹೇಳಲೇಬೇಕಾಗಿದೆ. ಆ ಫೈಲು ರೇಷ್ಮೆ ಸೀರೆಗಳ ನಡುವೆ ಅಡಗಿ ಕುಳಿತದ್ದು ನಮ್ಮಂಥವರ ಮಾತಿಗೆ ಹೆದರಿಯೇ. ಟೈಫಾಯ್ಡ್‌ನ ಫೈಲನ್ನು ಯಾರೂ ಹಾಗೆ ಬಚ್ಚಿಡುವುದಿಲ್ಲ.

ಹಾಸನದ ಶಿಕ್ಷಕಿ

ಹನ್ನೆರಡು ದಿನಗಳ ಮೇಲೆ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಕ್ಷಮಿಸಿ.

ಮೂಡಿಗೆರೆಯ ಸರ್ ಅವರ ಉತ್ತರ ಬಂದ ರಾತ್ರಿಯೇ ತಮ್ಮನಿಗೆ ಫೋನ್ ಮಾಡಿ, ಪೂರ್ತಿ ಓದಿ ಹೇಳಿದೆ. ಔಷಧಿ ತೆಗೆದುಕೊಳ್ಳದಿರುವುದೇ ಆ ಪಟ್ಟಿಯಲ್ಲಿದೆ ಎಂಬ ಸಾಲು ಬಂದಾಗ, ಇನ್ನೊಮ್ಮೆ ಓದು ಅಕ್ಕ ಎಂದ. ಓದಿದೆ. ಬಹಳ ಹೊತ್ತು ಮಾತನಾಡಲಿಲ್ಲ. ಡಾಕ್ಟರ್ ಮೇಡಂ ಹೇಳಿದ ನೇರ ಪ್ರಶ್ನೆಯನ್ನು ಮರುದಿನ ಕೇಳಿದೆ. ನನ್ನ ಜೀವನದಲ್ಲಿ ನಾನು ಕೇಳಿದ ಅತ್ಯಂತ ಕಷ್ಟದ ಪ್ರಶ್ನೆ ಅದು. ಇಲ್ಲ ಎಂದ, ಆದರೆ ನಿದ್ದೆ ಬರುತ್ತಿಲ್ಲ, ಮಗು ಅತ್ತರೆ ಕೋಪ ಬರುತ್ತದೆ ಎಂದು ಒಪ್ಪಿಕೊಂಡ. ಆ ವಾರವೇ ವೈದ್ಯರನ್ನು ಕಂಡು ಬಂದಿದ್ದಾನೆ. ಕಡಿಮೆ ಪ್ರಮಾಣದಿಂದ ಮತ್ತೆ ಶುರುಮಾಡಿದ್ದಾರೆ. ಏಕೆ ನಿಲ್ಲಿಸಿದ್ದ, ಎಷ್ಟು ದಿನ ನಿಲ್ಲಿಸಿದ್ದ ಎಂಬುದೆಲ್ಲ ಅವರ ಟಿಪ್ಪಣಿಯಲ್ಲಿ ಸೇರಿದೆ. ಪ್ರಶ್ನೆ ಬಂದರೆ ಅದನ್ನೂ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ ಎನ್ನುತ್ತಾನೆ.

ಇಲ್ಲಿ, ಅಂದು ನೋಡಿದ ಹಿರಿಯ ವೈದ್ಯರು ಆ ಆಸ್ಪತ್ರೆಯನ್ನು ಬಿಟ್ಟು ಈಗ ಬೇರೆ ಕಡೆ ಕುಳಿತುಕೊಳ್ಳುತ್ತಾರೆ. ಅವರನ್ನು ಹುಡುಕಿಕೊಂಡು ಹೋದೆ. ಆಸ್ಪತ್ರೆಯವರು ಹಳೆಯ ದಾಖಲೆ ಇಲ್ಲವೆಂದರು. ಮೇಡಂ ಹೇಳಿದಂತೆಯೇ ಆಯಿತು. ನನ್ನ ಕೈಯಲ್ಲಿದ್ದ ಫೈಲನ್ನು ನೋಡಿ ವೈದ್ಯರು ತಮ್ಮದೇ ಕೈಬರಹವನ್ನು ಗುರುತಿಸಿದರು. ನಿಮ್ಮ ತಂದೆಯ ಫೋಟೋವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದ ಹುಡುಗನಲ್ಲವೇ ಎಂದು ಕೇಳಿದರು. ತಮ್ಮನು ಒಪ್ಪಿಗೆಯ ಇಮೇಲ್ ಕಳುಹಿಸಿದ ಮೇಲೆ ಒಂದು ಪುಟದ ಪತ್ರ ಬರೆದುಕೊಟ್ಟರು. ಮೊದಲ ಪುಟದ ಗುರುತಿನ ವಿವರವೂ ಅದರಲ್ಲಿದೆ.

ಅಮ್ಮನಿಗೆ ಎಲ್ಲವನ್ನೂ ಹೇಳಿದೆವು. ಅವರು ಕೇಳಿದ್ದು ಒಂದೇ: ಕೆಲಸ ಸಿಗದಿದ್ದರೂ ಮಾತ್ರೆ ನುಂಗುತ್ತಾನೆ ತಾನೇ? ತಮ್ಮ ಫೋನಿನಲ್ಲಿಯೇ ಇದ್ದ, ಹೌದಮ್ಮ ಎಂದ.

ಪ್ರಶ್ನಾವಳಿಯನ್ನು ಅವನಿನ್ನೂ ಸಲ್ಲಿಸಿಲ್ಲ. ಬೈಪೋಲಾರ್ ಪದದ ಬಗ್ಗೆ ವಕೀಲರೊಬ್ಬರನ್ನು ಮುಂದಿನ ವಾರ ಕಾಣುತ್ತಾನೆ. ನಿನ್ನೆ ರಾತ್ರಿ 21ನೆಯ ವಿಭಾಗವನ್ನು ನನಗೆ ಓದಿ ಹೇಳಿ, ಆಸ್ಪತ್ರೆಯ ವಿಳಾಸದ ಪಿನ್ ಕೋಡ್ ಸರಿಯಾಗಿದೆಯೇ ಎಂದು ಕೇಳಿದ. ಫೈಲಿನ ಮೇಲೆ ನೋಡಿ, 573201 ಎಂದೆ.